ಕಂಡಕ್ಟರ್ ಗಂಗಾಗೆ ಎಷ್ಟು ಶಕ್ತಿ ಕೊಡಬೇಕು? ಸಿಮ್ಯುಲೇಶನ್ ಕಥೆಗೆ ಸರಿಯಾದ ಮಿತಿ ಆರಿಸುವ ಬಗೆ

ಅಕ್ಕನ ಮಗಳು ಈಗ ಡಿಗ್ರಿ ಎರಡನೇ ವರ್ಷ. ಕಥೆ ಬರೆಯುತ್ತಾಳೆ. ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಲಾಲ್‌ಬಾಗ್ ಬಂಡೆಯ ಮೇಲೆ ಕೂತು ಹೊಸ ಕಥೆ ಹೇಳಿದಳು. ಇಡೀ ಬೆಂಗಳೂರು ಒಂದು ಸಿಮ್ಯುಲೇಶನ್. ಯಾವುದೋ ಕಂಪ್ಯೂಟರಿನೊಳಗೆ ಓಡುತ್ತಿರುವ ಊರು. ಅದರಲ್ಲಿ ಗಂಗಾ ಅಂತ ಒಬ್ಬಳು ಬಿಎಂಟಿಸಿ ಕಂಡಕ್ಟರ್. ಒಂದು ದಿನ ಅವಳಿಗೆ ಗೊತ್ತಾಗುತ್ತದೆ: ತಾನು "ಹೋಲ್ಡಾನ್" ಅಂದರೆ ಬಸ್ಸಷ್ಟೇ ಅಲ್ಲ, ಎದುರಿಗೆ ಏನಿದ್ದರೂ ನಿಲ್ಲುತ್ತದೆ. "ರೈಟ್" ಅಂದರೆ ಹೊರಡುತ್ತದೆ.

"ಚೆನ್ನಾಗಿದೆ ಕಣೇ. ಆಮೇಲೆ?"

"ಆಮೇಲೆ ಏನೂ ಇಲ್ಲ ಮಾಮ. ಅವಳು ಎಲ್ಲಾನೂ ನಿಲ್ಲಿಸ್ತಾಳಲ್ಲ, ಕಥೆನೂ ಅಲ್ಲೇ ನಿಂತುಬಿಟ್ಟಿದೆ."

ಇದು ಅವಳೊಬ್ಬಳ ಕಷ್ಟ ಅಲ್ಲ. ಸಿಮ್ಯುಲೇಶನ್ ಲೋಕದ ಕಥೆ ಬರೆಯಲು ಕೂತವರೆಲ್ಲ ಇಲ್ಲಿಗೆ ಬಂದು ಸಿಕ್ಕಿಕೊಳ್ಳುತ್ತಾರೆ. ಮಾಮೂಲಿ ಲೋಕದಲ್ಲಿ ನಾಯಕನನ್ನು ತಡೆಯಲು ಗೋಡೆ ಇದೆ, ದೂರ ಇದೆ, ಸಾವು ಇದೆ. ಸಿಮ್ಯುಲೇಶನ್‌ನಲ್ಲಿ ಗೋಡೆಯೂ ಬರೀ ಲೆಕ್ಕ. ಲೆಕ್ಕ ಗೊತ್ತಾದವನನ್ನು ಯಾವುದು ತಡೆಯಬೇಕು? ಅದನ್ನು ಬರೆಯುವವರೇ ಕೂತು ತೀರ್ಮಾನಿಸಬೇಕು. ನಾನು ಬಹಳ ವರ್ಷ ಗೇಮ್‌ಗಳಿಗೆ ಪ್ರೋಗ್ರಾಮ್ ಬರೆದವನು. ಕಥೆಯನ್ನೂ ಅಷ್ಟೇ ಪ್ರೀತಿಯಿಂದ ಓದುತ್ತೇನೆ. ಆ ದಿನ ನಾವಿಬ್ಬರೂ ಬಂಡೆ ಕಾಯುವವರೆಗೆ ಕೂತು ಒಂದೊಂದೇ ಮಿತಿಯನ್ನು ಎತ್ತಿ ನೋಡಿದೆವು. ಕಥೆಯೋ ಚಿಕ್ಕ ಗೇಮೋ ಮಾಡಲು ಹೊರಟ ಬೇರೆಯವರಿಗೂ ಉಪಯೋಗ ಆಗಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಪರೀಕ್ಷೆಗೆ ಒಂದೇ ದೃಶ್ಯ

ಮಿತಿಗಳನ್ನು ಸುಮ್ನೆ ಸಾಲಾಗಿ ಬರೆದಿಟ್ಟರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಒಂದೇ ದೃಶ್ಯಕ್ಕೆ ಒಂದಾದ ಮೇಲೆ ಒಂದು ಹಾಕಿ ನೋಡಿದಾಗಲೇ ವ್ಯತ್ಯಾಸ ತಿಳಿಯುವುದು. ನಾವು ಆರಿಸಿಕೊಂಡ ದೃಶ್ಯ ಇದು. ಸಂಜೆ ಆರೂವರೆ. ಕೆಂಗೇರಿ ಕಡೆ ಹೊರಟ ಬಸ್ಸು ಮಾರ್ಕೆಟ್ ಫ್ಲೈಓವರ್ ಇಳಿಯುತ್ತಿದೆ. ಬ್ರೇಕ್ ಹಿಡಿಯುತ್ತಿಲ್ಲ. ಒಳಗೆ ಅರವತ್ತು ಜನ, ಅರ್ಧ ಜನ ನಿಂತಿದ್ದಾರೆ. ಕೆಳಗೆ ಆಟೋ, ಬೈಕು, ಒಂದು ಹಣ್ಣಿನ ತಳ್ಳುಗಾಡಿ. ಗಂಗಾ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತಿದ್ದಾಳೆ, ಬಾಯಲ್ಲಿ ಸೀಟಿ.

ಈಗ ಅವಳು ಏನು ಮಾಡಬಲ್ಲಳು, ಏನು ಮಾಡಲಾರಳು?

ನಂಬಿದಷ್ಟು ಶಕ್ತಿ

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. 1999ರ 'ದಿ ಮ್ಯಾಟ್ರಿಕ್ಸ್' ಸಿನಿಮಾ ಇದನ್ನು ಜಗತ್ತಿಗೆಲ್ಲ ಕಲಿಸಿತು. ಅಲ್ಲಿನ ಲೋಕವೂ ಯಂತ್ರಗಳು ನಡೆಸುವ ಸಿಮ್ಯುಲೇಶನ್. ಅಲ್ಲಿ ನಾಯಕ ನಿಯೋ ಮೊದಲ ಸಲ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹಾರಲು ಹೋಗಿ ಬೀಳುತ್ತಾನೆ, ಯಾಕೆಂದರೆ ಮನಸ್ಸು ಇನ್ನೂ ನೆಲವನ್ನು ನಂಬಿದೆ. ಕೊನೆಗೆ ನಂಬಿಕೆ ಬಂದಾಗ ಕೈ ಎತ್ತಿ ಗುಂಡುಗಳನ್ನು ಗಾಳಿಯಲ್ಲೇ ನಿಲ್ಲಿಸುತ್ತಾನೆ. ಅಲ್ಲಿನ ಕೆಲವು ನಿಯಮಗಳನ್ನು ಬಗ್ಗಿಸಬಹುದು, ಕೆಲವನ್ನು ಮುರಿಯಲೂಬಹುದು. ತಡೆಯುವುದು ಅವನ ಅನುಮಾನ ಮಾತ್ರ.

ಗಂಗಾಗೆ ಇದನ್ನು ಹಾಕಿದರೆ ದೃಶ್ಯ ಹೀಗೆ ನಡೆಯುತ್ತದೆ. ಹೋಲ್ಡಾನ್ ಅನ್ನುತ್ತಾಳೆ, ನಿಲ್ಲುವುದಿಲ್ಲ. ಮತ್ತೆ ಅನ್ನುತ್ತಾಳೆ, ದನಿ ನಡುಗುತ್ತದೆ. ಮೂರನೇ ಸಲ ಕಣ್ಣು ಮುಚ್ಚಿ, ಮನಸ್ಸು ಗಟ್ಟಿ ಮಾಡಿ ಅನ್ನುತ್ತಾಳೆ. ನಿಲ್ಲುತ್ತದೆ. ಓದುವವರ ಎದೆಯೂ ತುಂಬುತ್ತದೆ.

ಆದರೆ ಇದು ಒಂದೇ ಸಲಕ್ಕೆ ಬರುವ ಮಿತಿ. ನಂಬಿಕೆ ಬಂದ ಮರುದಿನ ಗಂಗಾ ಏನು ಮಾಡುತ್ತಾಳೆ? ಮತ್ತೆ ಅನುಮಾನ ತಂದರೆ ಓದುವವರಿಗೆ ಬೇಜಾರಾಗುತ್ತದೆ. ತರದಿದ್ದರೆ ಅವಳಿಗೆ ಮಿತಿಯೇ ಇಲ್ಲ. ಆ ಸಿನಿಮಾದ ಮುಂದಿನ ಎರಡು ಭಾಗಗಳು 2003ರಲ್ಲಿ ಬಂದವು. ಅವನ್ನು ಈ ಕಣ್ಣಿನಿಂದ ಮತ್ತೆ ನೋಡಿ. ಮೊದಲ ಭಾಗದ ಕೊನೆಗೆ ಎಲ್ಲವೂ ಸಾಧ್ಯ ಎನಿಸಿಕೊಂಡ ನಾಯಕನಿಗೆ ಹೊಸ ಮಿತಿ ಹುಡುಕಲು ಬರೆದವರು ಎಷ್ಟು ದುಡಿದಿದ್ದಾರೆ ಅಂತ ಗೊತ್ತಾಗುತ್ತದೆ. ಒಬ್ಬನೇ ಆಗಿದ್ದ ಅವನ ಶತ್ರು ಏಜೆಂಟ್ ಸ್ಮಿತ್ ತನ್ನನ್ನೇ ನಕಲು ಮಾಡಿಕೊಂಡು ನೂರಾರು ಜನ ಆಗುತ್ತಾನೆ. ನಿಯೋಗೆ ಅವರನ್ನು ಹೊಡೆದು ಮುಗಿಸಲು ಆಗದೆ ಹಾರಿ ಹೋಗುತ್ತಾನೆ. ಇನ್ನೊಂದು ಕಡೆ ಒಂದು ಬಾಗಿಲು ಅವನನ್ನು ದೂರದ ಬೆಟ್ಟಗಳ ನಡುವೆ ಬಿಡುತ್ತದೆ. ಹಾರಬಲ್ಲವನಿಗೂ ಹಾರಿಕೊಂಡು ಬರುವಷ್ಟು ಹೊತ್ತು ಬೇಕೇ ಬೇಕು. ನನಗೆ ಈ ಎರಡನೆಯದು ತುಂಬ ಇಷ್ಟ. ಶಕ್ತಿ ಕಡಿಮೆ ಮಾಡಿಲ್ಲ, ದೂರ ಮಾತ್ರ ಜಾಸ್ತಿ ಮಾಡಿದ್ದಾರೆ.

ಹಾಗಾಗಿ ಇಪ್ಪತ್ತು ಪುಟದ ಕಥೆಯಾದರೆ, ನಾಯಕಿ ತನ್ನನ್ನು ತಾನು ಕಂಡುಕೊಳ್ಳುವುದೇ ಕಥೆಯಾದರೆ, ನಂಬಿಕೆಯ ಮಿತಿ ಸಾಕು. ಕಾದಂಬರಿಗೆ ಬೇಡ. ಗೇಮ್‌ಗಂತೂ ಬೇಡವೇ ಬೇಡ: ಆಡುವವನ ನಂಬಿಕೆಯನ್ನು ಅಳೆಯಲು ಯಾವ ಬಟನ್ ಇದೆ?

ಮೈ ಹೊರಗಿದೆ

ಅದೇ ಸಿನಿಮಾದಲ್ಲಿ ಇನ್ನೊಂದು ಮಿತಿ ಇದೆ. ಗುಂಡು ನಿಲ್ಲಿಸುವ ದೃಶ್ಯದ ಅಬ್ಬರದಲ್ಲಿ ಅದು ನೆನಪಿಗೆ ಬರುವುದು ಕಡಿಮೆ. ಒಳಗೆ ಓಡಾಡುವ ಮನುಷ್ಯನ ಮೈ ಹೊರಗೆ ಒಂದು ಕುರ್ಚಿಯಲ್ಲಿ ಮಲಗಿದೆ. ಒಳಗೆ ಸತ್ತರೆ ಹೊರಗೂ ಸಾವು, ಯಾಕೆಂದರೆ ಮನಸ್ಸಿಲ್ಲದೆ ಮೈ ಉಳಿಯುವುದಿಲ್ಲ. ಹೊರಗೆ ಬರಬೇಕಾದರೆ ರಿಂಗ್ ಆಗುತ್ತಿರುವ ಒಂದು ಲ್ಯಾಂಡ್‌ಲೈನ್ ಫೋನಿನ ತನಕ ಓಡಬೇಕು. ಫೋನ್ ಒಡೆದು ಹೋದರೆ ದಾರಿ ಮುಚ್ಚಿತು. ಹೊರಗೆ ಯಾರಾದರೂ ತಲೆಯಿಂದ ತಂತಿ ಕಿತ್ತರೂ ಮುಗಿಯಿತು. ಒಳಗೆ ದೇವರಂತಿರುವವನು ಹೊರಗೆ ಮಲಗಿದ ಮಗುವಿನಷ್ಟು ಅಸಹಾಯಕ.

ಈ ಮಿತಿಯ ಗುಣ ಏನೆಂದರೆ, ಶಕ್ತಿ ಎಷ್ಟು ಬೆಳೆದರೂ ಇದು ಸವೆಯುವುದಿಲ್ಲ. ಗಂಗಾ ಇಡೀ ಮೈಸೂರು ರಸ್ತೆಯನ್ನೇ ನಿಲ್ಲಿಸಲಿ, ಹೊರಗೆ ಅವಳ ಮೈಗೆ ಜ್ವರ ಬಂದರೆ ಒಳಗೆ ದನಿ ಒಡೆಯುತ್ತದೆ. ಹಸಿವಾದರೆ ಕೈ ನಡುಗುತ್ತದೆ. ಫ್ಲೈಓವರ್ ಮೇಲೆ ಬಸ್ಸು ಜಾರುತ್ತಿರುವ ಹೊತ್ತಿಗೆ ಸರಿಯಾಗಿ ಹೊರಗಿನ ಕೋಣೆಯಲ್ಲಿ ಕರೆಂಟ್ ಹೋಗಿ ಯುಪಿಎಸ್ ಬೀಪ್ ಅನ್ನತೊಡಗುತ್ತದೆ. ಅದು ಹತ್ತು ನಿಮಿಷ ಬರುತ್ತದೆ. ಮಳೆಗಾಲದ ಬೆಂಗಳೂರಿನಲ್ಲಿ ಇದಕ್ಕಿಂತ ದೊಡ್ಡ ಭಯ ಬೇಕಾ?

ನಮ್ಮಲ್ಲೇ ಇದರ ಹತ್ತಿರದ ಉದಾಹರಣೆ ಇದೆ. 2013ರ ಕನ್ನಡ ಸಿನಿಮಾ 'ಲೂಸಿಯಾ' ಸಿಮ್ಯುಲೇಶನ್ ಕಥೆಯಲ್ಲ, ಕನಸಿನ ಕಥೆ. ಆದರೂ ಅಲ್ಲಿನ ಮಿತಿ ಇದೇ ಜಾತಿಯದು: ಮಾತ್ರೆ, ನಿದ್ದೆ, ಮಲಗಿದ ಮೈ. ಕನಸಿನ ವೈಭವಕ್ಕೆಲ್ಲ ನಿದ್ದೆಯೇ ಬೇಲಿ.

ಒಂದು ಎಚ್ಚರಿಕೆ. ಈ ಮಿತಿ ಆರಿಸಿದರೆ ನೀವು ಎರಡು ಲೋಕ ಕಟ್ಟಬೇಕು. ಹೊರಗಿನ ಕೋಣೆ ಎಲ್ಲಿದೆ, ಪಕ್ಕದಲ್ಲಿ ಯಾರು ಕಾಯುತ್ತಾರೆ, ಅವರಿಗೆ ಎಷ್ಟು ಹೊತ್ತು ತಾಳ್ಮೆ, ಇದೆಲ್ಲ ಬರೆಯಲೇಬೇಕು. ಅಕ್ಕನ ಮಗಳ ಗಂಗಾಗೆ ಹೊರಗೆ ಮೈಯೇ ಇಲ್ಲ. ಅವಳು ಹುಟ್ಟಿದ್ದೇ ಆ ಕಂಪ್ಯೂಟರಿನಲ್ಲಿ. "ಅವಳಿಗೆ ಓಡಿ ಹೋಗೋಕೆ ಬೇರೆ ಮನೆ ಇಲ್ಲ ಮಾಮ, ಅದೇ ನಂಗೆ ಮುಖ್ಯ" ಅಂದಳು. ಅಲ್ಲಿಗೆ ಈ ದಾರಿ ನಮಗೆ ಮುಚ್ಚಿತು. ಅದು ಸರಿಯಾದ ಕಾರಣಕ್ಕೇ ಮುಚ್ಚಿತು ಅಂತ ನನಗೆ ಅನಿಸಿತು.

ಯಂತ್ರಕ್ಕೆ ಎಷ್ಟು ತಾಕತ್ತಿದೆ

ಇದು ನನ್ನ ಕೆಲಸದ ಜಾಗ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಸಿಮ್ಯುಲೇಶನ್ ಲೋಕ ನಮ್ಮ ಲೋಕದ ಹಾಗೆ ಒಂದೇ ಸಮನೆ ಹರಿಯುವುದಿಲ್ಲ. ಹೆಜ್ಜೆ ಹೆಜ್ಜೆಯಾಗಿ ನಡೆಯುತ್ತದೆ. ಸೆಕೆಂಡಿಗೆ 60 ಹೆಜ್ಜೆ ಅಂದುಕೊಳ್ಳಿ. ಪ್ರತಿ ಹೆಜ್ಜೆಗೂ ಯಂತ್ರ ಎಲ್ಲ ವಸ್ತುಗಳನ್ನೂ ಸ್ವಲ್ಪ ಮುಂದಕ್ಕೆ ಇಟ್ಟು, ಯಾವುದು ಯಾವುದಕ್ಕೆ ತಾಗಿತು ಅಂತ ನೋಡುತ್ತದೆ. ಎರಡು ಹೆಜ್ಜೆಗಳ ನಡುವೆ ಅದು ನೋಡುತ್ತಿರುವುದಿಲ್ಲ.

ಹಿಂದೆ ನಾನಿದ್ದ ಒಂದು ಚಿಕ್ಕ ಕಂಪನಿಯಲ್ಲಿ ಕ್ರಿಕೆಟ್ ಗೇಮ್ ಮಾಡುತ್ತಿದ್ದೆವು. ಸ್ಪಿನ್ನರ್ ಹಾಕಿದರೆ ಎಲ್ಲ ಸರಿ. ವೇಗದ ಬೌಲರ್ ಹಾಕಿದರೆ ಬಾಲ್ ಬ್ಯಾಟಿನ ನಡುವಿನಿಂದಲೇ ತೂರಿ ಸ್ಟಂಪಿಗೆ ಬಡಿಯುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಕೂತು ಒಂದೊಂದೇ ಹೆಜ್ಜೆ ನಿಲ್ಲಿಸಿ ನೋಡಿದೆ. ಒಂದು ಹೆಜ್ಜೆಯಲ್ಲಿ ಬಾಲ್ ಬ್ಯಾಟಿನ ಮುಂದೆ. ಮುಂದಿನ ಹೆಜ್ಜೆಯಲ್ಲಿ ಬ್ಯಾಟಿನ ಹಿಂದೆ. ಬ್ಯಾಟಿಗೆ ತಾಗಿದ ಹೆಜ್ಜೆ ಅಂತ ಒಂದು ಇರಲೇ ಇಲ್ಲ. ಲೆಕ್ಕ ಸರಳ. ಗಂಟೆಗೆ 150 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 42 ಮೀಟರ್. ಅದನ್ನು 60ರಿಂದ ಭಾಗಿಸಿದರೆ ಒಂದು ಹೆಜ್ಜೆಗೆ 70 ಸೆಂಟಿಮೀಟರ್. ಬ್ಯಾಟಿನ ದಪ್ಪ ಆರೇಳು ಸೆಂಟಿಮೀಟರ್ ಇದ್ದರೆ ಹೆಚ್ಚು. ನಮ್ಮಲ್ಲಿ ಇದಕ್ಕೆ ಟನಲಿಂಗ್ ಅನ್ನುತ್ತೇವೆ, ಸುರಂಗ ಕೊರೆದ ಹಾಗೆ ದಾಟಿಹೋಗುವುದು.

ಈಗ ಗಂಗಾಳನ್ನು ಇಲ್ಲಿ ನಿಲ್ಲಿಸಿ. ಹೋಲ್ಡಾನ್ ಸ್ವಲ್ಪ ಹೊತ್ತು ಪಕ್ಕಕ್ಕಿಡಿ, ಅವಳ ಶಕ್ತಿ ಹೀಗೆ ಗೋಡೆ ದಾಟುವುದು ಅಂದುಕೊಳ್ಳಿ. ಅವಳ ಮೈ ಎದೆಯಿಂದ ಬೆನ್ನಿಗೆ ಒಂದಡಿ, ಗೋಡೆ ಒಂಬತ್ತು ಇಂಚು. ಎರಡೂ ಸೇರಿ ಸುಮಾರು 53 ಸೆಂಟಿಮೀಟರ್. ಒಂದೇ ಹೆಜ್ಜೆಯಲ್ಲಿ ಅಷ್ಟನ್ನು ದಾಟಿದರೆ ಗೋಡೆ ಅವಳನ್ನು ತಡೆಯಲಾರದು. ಸೆಕೆಂಡಿಗೆ 60 ಹೆಜ್ಜೆ ಇದ್ದರೆ ಗಂಟೆಗೆ 115 ಕಿಲೋಮೀಟರ್ ವೇಗ ಬೇಕು. ಆಗದ ಮಾತು. ಆದರೆ ಊರಿನಲ್ಲಿ ಜನ, ಗಾಡಿ ಜಾಸ್ತಿಯಾದ ಹಾಗೆ ಯಂತ್ರಕ್ಕೆ ಲೆಕ್ಕ ಜಾಸ್ತಿ. ಹೆಜ್ಜೆ ಕಡಿಮೆಯಾಗುತ್ತದೆ. ಸಂಜೆ ಸಿಲ್ಕ್ ಬೋರ್ಡಿನಲ್ಲಿ ಸೆಕೆಂಡಿಗೆ 20ಕ್ಕೆ ಇಳಿಯಿತು ಅಂದುಕೊಳ್ಳಿ. ಆಗ 38 ಕಿಲೋಮೀಟರ್ ವೇಗ ಸಾಕು. ಓಡುವ ಬಸ್ಸಿನ ಬಾಗಿಲಿಂದ ಜಿಗಿದರೆ ಅಷ್ಟು ಬರುತ್ತದೆ.

ಅಕ್ಕನ ಮಗಳು ಥಟ್ಟನೆ ಹೇಳಿದಳು: "ಟ್ರಾಫಿಕ್ ಇದ್ರೆ ಶಕ್ತಿ ಇರತ್ತೆ. ಆದ್ರೆ ಟ್ರಾಫಿಕ್ ಇದ್ರೆ ಬಸ್ಸು ನಲವತ್ತರಲ್ಲಿ ಓಡಲ್ವಲ್ಲ ಮಾಮ!"

ನೋಡಿ, ಮಿತಿ ಅಂದರೆ ಹೀಗಿರಬೇಕು. ಅವಳೂ ನಾನೂ ಅದನ್ನು ಹೊರಗಿನಿಂದ ತಂದು ಅಂಟಿಸಲಿಲ್ಲ. ಶಕ್ತಿ ಎಲ್ಲಿಂದ ಬಂತೋ ಅಲ್ಲಿಂದಲೇ ಅದೂ ಎದ್ದು ಬಂತು. ಬೆಳಗಿನ ಜಾವ ಮೂರಕ್ಕೆ ಖಾಲಿ ರಸ್ತೆಯಲ್ಲಿ ಗಂಗಾ ಬರೀ ಸಾಮಾನ್ಯ ಹೆಂಗಸು. ಸಂಜೆ ಆರೂವರೆಗೆ ಅಸಾಮಾನ್ಯಳು, ಆದರೆ ಬಸ್ಸು ಅಲ್ಲಾಡುತ್ತಿಲ್ಲ. ಎರಡೂ ಒಟ್ಟಿಗೆ ಸಿಗುವುದು ಒಂದೇ ಗಳಿಗೆಯಲ್ಲಿ: ಊರೆಲ್ಲ ತುಂಬಿದ ಹೊತ್ತಿನಲ್ಲಿ, ಬ್ರೇಕ್ ಹೋದ ಬಸ್ಸು ಇಳಿಜಾರಿನಲ್ಲಿ ಹಾರುವಾಗ. ಆಗ ಅವಳೊಬ್ಬಳು ಫ್ಲೈಓವರ್ ತಡೆಗೋಡೆ ದಾಟಿ ಪಾರಾಗಬಹುದು. ಹನ್ನೆರಡು ಮೀಟರ್ ಉದ್ದದ ಬಸ್ಸು ದಾಟಲಾರದು. ಒಳಗೆ ಅರವತ್ತು ಜನ.

ಇನ್ನೊಂದು ವಿಷಯ. ಈಗಿನ ಗೇಮ್ ಎಂಜಿನ್‌ಗಳಲ್ಲಿ ಈ ತೂತನ್ನು ಮುಚ್ಚುವ ಉಪಾಯ ಇದೆ. ಎರಡು ಹೆಜ್ಜೆಗಳ ನಡುವಿನ ದಾರಿಯನ್ನೂ ಲೆಕ್ಕ ಹಾಕುತ್ತವೆ. ಆದರೆ ಅದಕ್ಕೆ ಖರ್ಚು ಜಾಸ್ತಿ, ಹಾಗಾಗಿ ಮುಖ್ಯವಾದ ವಸ್ತುಗಳಿಗೆ ಮಾತ್ರ ಅದನ್ನು ಹಾಕುವುದು. ನಾವೂ ಬಾಲಿಗೆ ಹಾಕಿದೆವು, ಸ್ಟ್ಯಾಂಡಿನಲ್ಲಿ ಕೂತ ಜನರಿಗೆ ಹಾಕಲಿಲ್ಲ. ಗಂಗಾ ಆ ಲೋಕದಲ್ಲಿ ಹಿನ್ನೆಲೆಯ ಪಾತ್ರ. ಟಿಕೆಟ್ ಕೊಡಲೆಂದು ಇಟ್ಟವಳು. ಅವಳಿಗೆ ಆ ಕಾವಲು ಹಾಕುವ ಅಗತ್ಯ ಯಾರಿಗೂ ಕಾಣಲಿಲ್ಲ. ಅವಳ ಶಕ್ತಿಗೆ ಅದೇ ಕಾರಣ. ಅವಳು ಹೆಸರು ಮಾಡಿದ ದಿನ, ವ್ಯವಸ್ಥೆ ಅವಳನ್ನು ಗಮನಿಸಿ ಒಂದು ಸ್ವಿಚ್ ಹಾಕುತ್ತದೆ. ಅಲ್ಲಿಗೆ ಗೋಡೆ ಗೋಡೆಯೇ. ಇದನ್ನು ಹೇಳುವಾಗ ಅಕ್ಕನ ಮಗಳು ಪೆನ್ ಹುಡುಕತೊಡಗಿದ್ದಳು.

ಯಂತ್ರದ ಮಿತಿಗೆ ನಿಜದ ಉದಾಹರಣೆಗಳು ಬೇಕಾದಷ್ಟಿವೆ. 1980ರ ಪ್ಯಾಕ್‌ಮ್ಯಾನ್ ಆಟದಲ್ಲಿ 256ನೇ ಹಂತಕ್ಕೆ ಬಂದರೆ ಪರದೆಯ ಬಲ ಅರ್ಧ ಕಲಸಿ ಹೋಗುತ್ತದೆ. ಹಂತ ಎಣಿಸಲು ಇಟ್ಟ ಜಾಗದಲ್ಲಿ 255ರ ಆಚೆ ಸಂಖ್ಯೆ ಹಿಡಿಯುವುದಿಲ್ಲ. ಎಂಥ ನಿಪುಣ ಆಟಗಾರನಿಗೂ ಅಲ್ಲಿಗೆ ಮುಗಿಯಿತು. ಮೈನ್‌ಕ್ರಾಫ್ಟ್ ಲೋಕ ನಡುವಿನಿಂದ ಒಂದೊಂದು ದಿಕ್ಕಿಗೂ ಹತ್ತಿರ ಹತ್ತಿರ ಮೂರು ಕೋಟಿ ಬ್ಲಾಕ್‌ಗೆ ನಿಲ್ಲುತ್ತದೆ. ನಾವು ಕೂತಿದ್ದ ಬಂಡೆಯ ಮೇಲೆಯೇ ಕೆಂಪೇಗೌಡರ ಹೆಸರಿನ ಗೋಪುರ ಇದೆ. ಇಂಥವು ನಾಲ್ಕು: ಇಲ್ಲಿ ಒಂದು, ಕೆಂಪಾಂಬುಧಿ ಕೆರೆ, ಹಲಸೂರು ಕೆರೆ ಮತ್ತು ಮೇಖ್ರಿ ಸರ್ಕಲ್ ಹತ್ತಿರ ಒಂದೊಂದು. ಊರು ಇಷ್ಟೇ ಬೆಳೆಯುತ್ತದೆ ಅಂತ ಹಾಕಿದ ಗಡಿ ಅನ್ನುವ ಮಾತಿದೆ. ಗಂಗಾಳ ಲೋಕಕ್ಕೆ ಈ ನಾಲ್ಕನ್ನೇ ಗಡಿ ಮಾಡಿದರೆ ಹೇಗೆ? ಮೇಖ್ರಿ ಸರ್ಕಲ್ ದಾಟಿದ ಮೇಲೆ ಹತ್ತಿದ ಪ್ರಯಾಣಿಕರಿಗೆ ಮುಖವೇ ಇಲ್ಲ.

ಈವ್ ಆನ್‌ಲೈನ್ ಅಂತ ಒಂದು ಗೇಮ್ ಇದೆ, ಸಾವಿರಾರು ಜನ ಒಟ್ಟಿಗೆ ಬಾಹ್ಯಾಕಾಶದಲ್ಲಿ ಯುದ್ಧ ಮಾಡುವಂಥದ್ದು. ಒಂದೇ ಕಡೆ ಜನ ಜಾಸ್ತಿ ಸೇರಿದರೆ ಸರ್ವರ್ ತಡೆಯದೆ ಆಟದ ಕಾಲವನ್ನೇ ನಿಧಾನ ಮಾಡುತ್ತದೆ, ಹತ್ತರಲ್ಲಿ ಒಂದು ಭಾಗದವರೆಗೆ. 2014ರ ಜನವರಿಯ ಒಂದು ಯುದ್ಧ ಹೀಗೆ 21 ಗಂಟೆ ನಡೆಯಿತು. ಇದನ್ನು ಕಥೆಗೆ ತರುವವರು ಒಂದನ್ನು ನೆನಪಿಡಿ: ಕಾಲ ನಿಧಾನವಾದರೆ ಒಳಗಿದ್ದವರ ಯೋಚನೆಯೂ ಅಷ್ಟೇ ನಿಧಾನ. ಆಟಗಾರರು ಹೊರಗಿದ್ದುದರಿಂದ ಅವರಿಗೆ ಗೊತ್ತಾಯಿತು. ಗಂಗಾಗೆ ಗೊತ್ತಾಗುವುದೇ ಇಲ್ಲ. ಅವಳಿಗೆ ಅದರಿಂದ ಒಂದು ಕ್ಷಣವೂ ಹೆಚ್ಚು ಸಿಗುವುದಿಲ್ಲ.

ಯಾರ ಅಪ್ಪಣೆ

ಪ್ರತಿ ಕಂಪ್ಯೂಟರಿನಲ್ಲೂ ಯಾರು ಏನು ಮುಟ್ಟಬಹುದು ಅನ್ನುವ ಪಟ್ಟಿ ಇರುತ್ತದೆ. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಸಾಫ್ಟ್‌ವೇರ್ ಹಾಕಲು ಹೋದಾಗ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದಲ್ಲ, ಅದೇ. ಗಂಗಾಗೆ ಬಸ್ಸಿನ ಮೇಲೆ ಅಪ್ಪಣೆ ಇದೆ, ಸಿಗ್ನಲ್ ಮೇಲೆ ಇಲ್ಲ. ಅಷ್ಟೇ ಕಥೆ. ಮ್ಯಾಟ್ರಿಕ್ಸ್‌ನ ಮೂರನೇ ಭಾಗದಲ್ಲಿ ಇದರ ಒಳ್ಳೆಯ ದೃಶ್ಯ ಇದೆ. ನಿಯೋ ಒಂದು ರೈಲ್ವೆ ಸ್ಟೇಶನ್‌ನಲ್ಲಿ ಸಿಕ್ಕಿಬೀಳುತ್ತಾನೆ. ಅದು ಎರಡು ಲೋಕಗಳ ನಡುವಿನ ಜಾಗ, ಅದನ್ನು ಕಟ್ಟಿದವನು ಬೇರೊಬ್ಬ. ಸುರಂಗದ ಒಂದು ಕಡೆ ಓಡಿದರೆ ಇನ್ನೊಂದು ಕಡೆಯಿಂದ ಅಲ್ಲಿಗೇ ಬರುತ್ತಾನೆ. ಗುಂಡು ನಿಲ್ಲಿಸಿದ ಕೈಗೆ ಅಲ್ಲಿ ಏನೂ ನಡೆಯುವುದಿಲ್ಲ. ಅವನು ಅಲ್ಲಿಗೆ ಬಿದ್ದದ್ದಾದರೂ ಯಾಕೆ? ಎರಡನೇ ಭಾಗದ ಕೊನೆಗೆ ಅವನು ನಿಜ ಲೋಕದಲ್ಲೇ ಯಂತ್ರಗಳನ್ನು ಕೈ ಎತ್ತಿ ತಡೆದು ಎಚ್ಚರ ತಪ್ಪುತ್ತಾನೆ. ಮೋಸ ಮಾಡಿದರು ಅಂತ ನನ್ನ ಗೆಳೆಯರು ಆಗ ಸಿಟ್ಟಾಗಿದ್ದರು. ನನಗೆ ಹಾಗನಿಸಲಿಲ್ಲ. ಆ ಶಕ್ತಿ ಯಂತ್ರಗಳ ಮೂಲದಿಂದ ಬಂದದ್ದು, ಹಾಗಾಗಿ ಸಿಮ್ಯುಲೇಶನ್ ದಾಟಿ ಆ ಮೂಲದ ತನಕವೂ ಅದು ಮುಟ್ಟುತ್ತದೆ ಅನ್ನುವ ವಿವರಣೆ ಮೂರನೇ ಭಾಗದಲ್ಲಿ ಬರುತ್ತದೆ. ಆದರೆ ಅದನ್ನು ಮೊದಲೇ ಒಂದು ಮಾತಿನಲ್ಲಿ ಸುಳಿವು ಕೊಟ್ಟಿದ್ದರೆ ಅಷ್ಟು ಜನ ಸಿಟ್ಟಾಗುತ್ತಿರಲಿಲ್ಲ.

ಅಪ್ಪಣೆಯ ಮಿತಿ ಗೇಮ್ ಮಾಡುವವರಿಗೆ ತುಂಬ ಅನುಕೂಲ. ಒಂದೊಂದೇ ಬೀಗ ತೆರೆಯುತ್ತಾ ಹೋಗಬಹುದು. ಕಥೆಗೆ ಸ್ವಲ್ಪ ಒಣ. ಅಪ್ಪಣೆ ಕೊಡುವವನು ಒಬ್ಬ ಪಾತ್ರವಾಗಿ ಬಂದರೆ ಮಾತ್ರ ಜೀವ ಬರುತ್ತದೆ.

ವರದ ಮಾತಿನಲ್ಲೇ ತೂತು

ನನಗೆ ಎಲ್ಲಕ್ಕಿಂತ ಹತ್ತಿರವಾದ ಮಿತಿ ಇದು, ಮತ್ತು ಇದನ್ನು ಕಲಿಯಲು ನಾವು ಎಲ್ಲಿಗೂ ಹೋಗಬೇಕಿಲ್ಲ. ಹಿರಣ್ಯಕಶಿಪು ಕೇಳಿದ ವರವನ್ನು ಒಬ್ಬ ಪ್ರೋಗ್ರಾಮರ್ ಕಣ್ಣಿನಿಂದ ಓದಿ. ಮನುಷ್ಯನಿಂದ ಸಾವು ಬೇಡ, ಮೃಗದಿಂದ ಬೇಡ. ಒಳಗೆ ಬೇಡ, ಹೊರಗೆ ಬೇಡ. ಹಗಲು ಬೇಡ, ರಾತ್ರಿ ಬೇಡ. ನೆಲದ ಮೇಲೆ ಬೇಡ, ಆಕಾಶದಲ್ಲಿ ಬೇಡ. ಯಾವ ಆಯುಧದಿಂದಲೂ ಬೇಡ. ಎಷ್ಟು ಜಾಗ್ರತೆಯಿಂದ ಬರೆದ ಪಟ್ಟಿ! ಆದರೂ ಎರಡು ಷರತ್ತುಗಳ ನಡುವೆ ಒಂದು ಗೆರೆ ಉಳಿಯುತ್ತದೆ. ನರಸಿಂಹ ಬರುವುದು ಆ ಗೆರೆಯ ಮೇಲೆ: ಮುಸ್ಸಂಜೆಯಲ್ಲಿ, ಹೊಸ್ತಿಲ ಮೇಲೆ, ತೊಡೆಯ ಮೇಲೆ ಮಲಗಿಸಿಕೊಂಡು, ಉಗುರಿನಿಂದ. ನಮ್ಮ ಟೆಸ್ಟಿಂಗ್ ಟೀಮಿನವರು ಇದಕ್ಕೆ ಕಾರ್ನರ್ ಕೇಸ್ ಅನ್ನುತ್ತಾರೆ.

ಭಸ್ಮಾಸುರನ ಕೈ ಯಾರ ತಲೆ ಮುಟ್ಟಿದರೂ ಬೂದಿ. ಅವನ ತಲೆಯೂ ತಲೆಯೇ ಅಲ್ವಾ? ಕರ್ಣನ ವಿಷಯ ಇನ್ನೂ ಆಳ. ಸುಳ್ಳು ಹೇಳಿ ಪರಶುರಾಮನಿಂದ ವಿದ್ಯೆ ಕಲಿತ. ದುಂಬಿ ತೊಡೆ ಕೊರೆದರೂ, ಗುರುವಿನ ನಿದ್ದೆ ಕೆಡಬಾರದು ಅಂತ ಅಲ್ಲಾಡದೆ ಕೂತ. ಆ ತಾಳ್ಮೆಯೇ ಅವನನ್ನು ಹಿಡಿದುಕೊಟ್ಟಿತು. ಬೇಕಾದ ಹೊತ್ತಿಗೆ ಮಂತ್ರ ಮರೆತುಹೋಗಲಿ ಅನ್ನುವ ಶಾಪ ಬಂತು. ಸುಳ್ಳಿನಿಂದ ಬಂದ ಶಕ್ತಿಗೆ ಆ ಸುಳ್ಳೇ ಮಿತಿ. ಯಕ್ಷಗಾನದಲ್ಲಿ ಕರ್ಣನ ಪಾತ್ರ ನೋಡಿದವರಿಗೆ ಗೊತ್ತು, ಮಂತ್ರ ನೆನಪಾಗದ ಆ ಗಳಿಗೆಯಲ್ಲಿ ಸಭೆ ಎಷ್ಟು ಮೌನವಾಗುತ್ತದೆ ಅಂತ. ಏನಾಗುತ್ತದೆ ಅಂತ ಎಲ್ಲರಿಗೂ ಮೊದಲೇ ಗೊತ್ತು, ಆದರೂ ಹೊಟ್ಟೆ ಕಿವುಚುತ್ತದೆ. ಮಿತಿಯನ್ನು ಮುಚ್ಚಿಟ್ಟು ಕೊನೆಗೆ ತೆಗೆಯುವುದಕ್ಕಿಂತ, ಮೊದಲೇ ಹೇಳಿ ಕಾಯಿಸುವುದು ಎಷ್ಟೋ ಮೇಲು.

ಗಂಗಾಳ ಶಕ್ತಿಗೂ ಒಂದು ವಾಕ್ಯ ಬರೆದೆವು: ಅವಳು ಹೋಲ್ಡಾನ್ ಅಂದಾಗ ದನಿ ಕೇಳಿದ್ದೆಲ್ಲ ನಿಲ್ಲುತ್ತದೆ. ಕೇಳಿದ್ದೆಲ್ಲ. ಬಸ್ಸಿನ ಒಳಗೆ ಇಯರ್‌ಫೋನ್ ಹಾಕಿಕೊಂಡ ಹುಡುಗ ನಿಲ್ಲುವುದಿಲ್ಲ. ಹಾರ್ನ್ ಹೊಡೆಯುತ್ತಿರುವ ಲಾರಿ ನಿಲ್ಲುವುದಿಲ್ಲ. ಮತ್ತೆ, ಅವಳ ದನಿ ಅವಳಿಗೂ ಕೇಳುತ್ತದೆ.

ಚಿಲ್ಲರೆ ಬಾಕಿ

ಶಕ್ತಿಗೆ ಬೆಲೆ ಇಡುವುದು ಹಳೆಯ ಉಪಾಯ. ಪ್ರತಿ ಸಲ ಬಳಸಿದಾಗ ಒಂದು ನೆನಪು ಹೋಗುತ್ತದೆ, ಒಂದು ವರ್ಷ ಆಯುಸ್ಸು ಹೋಗುತ್ತದೆ, ಹೀಗೆ. ತುಂಬ ಬಳಕೆಯಾಗಿ ಸವೆದಿದೆ. ಬೆಲೆ ನಾಯಕಿಯ ಬದುಕಿನಿಂದಲೇ ಬಂದರೆ ಮಾತ್ರ ಹೊಸದಾಗುತ್ತದೆ. ಕಂಡಕ್ಟರ್ ಬಳಿ ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ ಹಿಂದೆ ಬಾಕಿ ಬರೆದುಕೊಡುತ್ತಿದ್ದರಲ್ಲ, ಇಳಿಯುವಾಗ ಇಸ್ಕೊಳ್ಳಿ ಅಂತ. ಗಂಗಾ ಯಾರನ್ನು ಉಳಿಸಿದರೂ ಅವರ ಟಿಕೆಟ್ ಹಿಂದೆ ಒಂದು ಸಂಖ್ಯೆ ಮೂಡುತ್ತದೆ. ಅವರು ಅದನ್ನು ತಂದು ಕೇಳಿದ ದಿನ ಕೊಡಲೇಬೇಕು. 2023ರ ಜೂನ್‌ನಿಂದ ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಮಾಮೂಲಿ ಬಸ್ಸು ಉಚಿತ, ಯೋಜನೆಯ ಹೆಸರೇ ಶಕ್ತಿ. ಅವರಿಗೆ ಸಿಗುವುದು ಸೊನ್ನೆ ಬೆಲೆಯ ಟಿಕೆಟ್. ಆದರೂ ಆ ದುಡ್ಡನ್ನು ಸರ್ಕಾರ ತುಂಬಬೇಕು. ಗಂಗಾಳ ಲೋಕದಲ್ಲಿ ಸೊನ್ನೆ ಟಿಕೆಟ್ ಹಿಡಿದವರ ಬಾಕಿ ಯಾರ ತಲೆಗೆ ಬರುತ್ತದೆ? ಇದನ್ನು ಕೇಳಿದ್ದು ನನ್ನ ಅಕ್ಕ, ಮಗಳಿಗೆ ಕಾಫಿ ಫ್ಲಾಸ್ಕ್ ಕೊಡಲು ಬಂದವಳು. ನಮ್ಮಿಬ್ಬರಿಗೂ ಉತ್ತರ ಹೊಳೆಯಲಿಲ್ಲ.

ಯಾರಿಗೆ ಯಾವುದು

ಸಣ್ಣ ಕಥೆಗೆ ನಂಬಿಕೆ. ಎದೆ ಹೊಡೆದುಕೊಳ್ಳುವ ಓಟದ ಕಥೆಗೆ ಹೊರಗಿನ ಮೈ. ಗೇಮಿಗೆ ಅಪ್ಪಣೆ, ಜೊತೆಗೆ ಯಂತ್ರದ ತಾಕತ್ತು. ದುರಂತ ಬರೆಯುವವರಿಗೆ ವರದ ಮಾತು. ಬೆಲೆಯನ್ನು ಒಂಟಿಯಾಗಿ ಬಳಸಬೇಡಿ, ಬೇರೊಂದರ ಜೊತೆ ಸೇರಿಸಿ.

ಎರಡಕ್ಕಿಂತ ಹೆಚ್ಚು ಮಿತಿ ಒಂದೇ ಕಥೆಗೆ ಬೇಡ. ಮೂರನೆಯದು ಬಂದ ಕೂಡಲೇ ಓದುವವರಿಗೆ ನೆನಪಿಟ್ಟುಕೊಳ್ಳುವುದೇ ಕೆಲಸವಾಗುತ್ತದೆ, ಬರೆಯುವವರಿಗೂ. ಮತ್ತೆ, ಆರಿಸಿದ ಮಿತಿಯನ್ನು ಕಥೆಯ ಮೊದಲ ಕಾಲು ಭಾಗದೊಳಗೆ ಒಂದು ಚಿಕ್ಕ ಘಟನೆಯಲ್ಲಿ ತೋರಿಸಿಬಿಡಿ. ದೊಡ್ಡ ಘಟನೆ ಬೇಡ. ಗಂಗಾ ಒಬ್ಬ ಹುಡುಗನ ಕೈಯಿಂದ ಜಾರಿದ ಬಾಳೆಹಣ್ಣನ್ನು ಹೋಲ್ಡಾನ್ ಅಂತ ನಿಲ್ಲಿಸಲಿ. ಇಯರ್‌ಫೋನ್ ಹಾಕಿದ ಆ ಹುಡುಗ ಮಾತ್ರ ನಿಲ್ಲದೆ ಇಳಿದು ಹೋಗಲಿ. ಫ್ಲೈಓವರ್ ಬಂದಾಗ ಓದುವವರಿಗೆ ಎಲ್ಲ ನೆನಪಿರುತ್ತದೆ.

ಹೊರಗಿನ ಶತ್ರುವನ್ನು ತಂದು ತಡೆಯುವ ದಾರಿಯೂ ಇದೆ, ಮ್ಯಾಟ್ರಿಕ್ಸ್‌ನ ಏಜೆಂಟ್‌ಗಳ ಹಾಗೆ, ದಾರಿಯಲ್ಲಿ ಹೋಗುವ ಯಾರ ಮೈಯನ್ನಾದರೂ ಹೊಕ್ಕು ಎದುರು ನಿಲ್ಲುವವರು. ಅದು ಮಿತಿ ಅಲ್ಲ, ಎದುರಾಳಿ. ಎದುರಾಳಿಯನ್ನು ಸೋಲಿಸಬಹುದು. ಸೋಲಿಸಿದ ಮೇಲೆ ನೀವು ಮತ್ತೆ ಮೊದಲಿನ ಜಾಗಕ್ಕೇ ಬರುತ್ತೀರಿ.

ಅಕ್ಕನ ಮಗಳು ಆರಿಸಿದ್ದು ಎರಡು: ಯಂತ್ರದ ಕಣ್ಣಿಗೆ ಬೀಳದ ಹಿನ್ನೆಲೆಯ ಪಾತ್ರ, ಮತ್ತು ದನಿ ಕೇಳಿದ್ದೆಲ್ಲ ನಿಲ್ಲುವ ಮಾತು. ಚಿಲ್ಲರೆ ಬಾಕಿಯನ್ನು ಬಿಡಲು ಅವಳಿಗೆ ಮನಸ್ಸಿರಲಿಲ್ಲ. ಇನ್ನೊಂದು ಕಥೆಗೆ ಇಟ್ಟುಕೋ ಅಂದೆ.

ಮೊನ್ನೆ ರಾತ್ರಿ ಫೋನ್ ಮಾಡಿದಳು. "ಮಾಮ, ಬಸ್ಸು ಥಟ್ಟಂತ ನಿಂತ್ರೆ ನಿಂತಿರೋರೆಲ್ಲ ಬಿದ್ದು ಸಾಯ್ತಾರೆ. ಬೀಳದೆ ಇರಬೇಕು ಅಂದ್ರೆ ಎಷ್ಟು ದೂರದಲ್ಲಿ ನಿ‌ಲ್ಲಿಸಬೇಕು?" ಕಾಗದ ತೆಗೆದುಕೊಂಡು ಕೂತೆ. ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಪ್ರತಿ ಸೆಕೆಂಡಿಗೆ ಎರಡೆರಡು ಮೀಟರಿನಂತೆ ವೇಗ ಇಳಿಸಿದರೆ, ಕಂಬಿ ಹಿಡಿದವರು ಹೇಗೋ ತಡೆದುಕೊಳ್ಳುತ್ತಾರೆ. ನಿಲ್ಲಲು ಐದೂವರೆ ಸೆಕೆಂಡು, 31 ಮೀಟರ್.

"ಹಾಗಾದ್ರೆ ಒಂದು ಸಲ ಹೋಲ್ಡಾನ್ ಅಂದ್ರೆ ಸಾಲದು. ಮೆಲ್ಲಗೆ ಶುರು ಮಾಡಿ ಐದೂವರೆ ಸೆಕೆಂಡು ಎಳೀತಾನೇ ಇರಬೇಕು."

ಫೋನಿನಲ್ಲೇ ಉಸಿರು ತೆಗೆದುಕೊಂಡು ಎಳೆದು ನೋಡಿದಳು. ನಾನು ಗಡಿಯಾರ ನೋಡುತ್ತಿದ್ದೆ. ನಾಲ್ಕನೇ ಸೆಕೆಂಡಿಗೆ ದನಿ ನಿಂತಿತು. ಮತ್ತೆ ಉಸಿರು ತೆಗೆದುಕೊಂಡಳು.